ಪರೀಕ್ಷಾ ಹಾಲಿನಲ್ಲಿ ಕಂಪ್ಯೂಟರ್ ಇರಲ್ಲ: ಪ್ರೋಗ್ರಾಂ ಅನ್ನು ಪೆನ್ನಿನಲ್ಲಿ ಓಡಿಸೋದು

ಜನವರಿ ಬಂತು ಅಂದ್ರೆ ನಮ್ಮಲ್ಲಿ ಎಷ್ಟೋ ಜನರ ಫೋನಿಗೆ ಊರಿನ ಕಡೆಯಿಂದ ಫೋಟೋಗಳು ಬರೋಕೆ ಶುರುವಾಗುತ್ತವೆ. ನೋಟ್‌ಬುಕ್ಕಿನ ಒಂದು ಪುಟ, ಅದರಲ್ಲಿ ಆರೇಳು ಸಾಲು ಕೋಡ್, ಕೆಳಗೆ "ಅಣ್ಣಾ, ಇದರ ಔಟ್‌ಪುಟ್ ಏನು?" ಅನ್ನೋ ಮೆಸೇಜು. ಕಳಿಸಿದವರು ತಮ್ಮನೋ, ಚಿಕ್ಕಪ್ಪನ ಮಗಳೋ, ಎದುರುಮನೆ ಹುಡುಗನೋ. ದ್ವಿತೀಯ ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ತಗೊಂಡವರು. ನೀವು ಓದೋದು ಸಿವಿಲ್ ಆಗಲಿ ಮೆಕ್ಯಾನಿಕಲ್ ಆಗಲಿ, ಇಂಜಿನಿಯರಿಂಗ್ ಅಂದ್ಮೇಲೆ ಇದು ಗೊತ್ತಿರಲೇಬೇಕು ಅಂತ ಅವರ ನಂಬಿಕೆ. ನಾವೇನು ಮಾಡ್ತೀವಿ? ಲ್ಯಾಪ್‌ಟಾಪ್ ತೆಗೆದು, ಟೈಪ್ ಮಾಡಿ, ರನ್ ಒತ್ತಿ, ಬಂದ ಉತ್ತರವನ್ನು ವಾಟ್ಸಾಪ್‌ನಲ್ಲಿ ಕಳಿಸಿಬಿಡ್ತೀವಿ.

ಆ ಉತ್ತರದಿಂದ ಆ ಹುಡುಗನಿಗೆ ಮೂರು ಕಾಸಿನ ಉಪಯೋಗವಿಲ್ಲ. ಪರೀಕ್ಷಾ ಹಾಲಿನಲ್ಲಿ ಕಂಪ್ಯೂಟರ್ ಇರಲ್ಲ. ಅಲ್ಲಿ ಕಂಪ್ಯೂಟರ್ ಮಾಡೋ ಕೆಲಸವನ್ನು ಅವನೇ ಮಾಡಬೇಕು. ಹಾಗಾಗಿ ಅವನಿಗೆ ಹೇಳಿಕೊಡಬೇಕಾದದ್ದು ಒಂದು ಔಟ್‌ಪುಟ್ ಅಲ್ಲ, ಕಾಗದದ ಮೇಲೆ ಪ್ರೋಗ್ರಾಂ ಓಡಿಸುವ ಅಭ್ಯಾಸ. ಟ್ರೇಸಿಂಗ್, ಡ್ರೈ ರನ್ ಅಂತೆಲ್ಲ ಕರೀತಾರಲ್ಲ, ಅದೇ. ಈ ಲೇಖನ ಅದರ ಬಗ್ಗೆ. ಮೊದಲ ಸೆಮಿಸ್ಟರಿನಲ್ಲಿ ಸಿ ಜೊತೆ ಗುದ್ದಾಡ್ತಿರೋ ನಮ್ಮ ಜೂನಿಯರ್‌ಗಳಿಗೂ ಇದು ಅಷ್ಟೇ ಅನ್ವಯಿಸುತ್ತೆ, ಅದರಲ್ಲೂ ಪಿಸಿಎಂಬಿ ಓದಿ ಬಂದು ಮೊದಲ ಸಲ ಕೋಡ್ ಮುಖ ನೋಡ್ತಿರೋರಿಗೆ.

ಮೊದಲು ಪಠ್ಯದ ವಿಷಯ. ನಮ್ಮಲ್ಲಿ ಹಿರಿಯ ಬ್ಯಾಚಿನವರು ಪಿಯುಸಿಯಲ್ಲಿ ಓದಿದ್ದು ಸಿ++. ಈಗ ರಾಜ್ಯದ ಪಿಯು ಪಠ್ಯ ಎನ್‌ಸಿಇಆರ್‌ಟಿ ಪುಸ್ತಕಕ್ಕೆ ಬದಲಾಗಿದೆ, ಭಾಷೆ ಪೈಥಾನ್. ದ್ವಿತೀಯ ಪಿಯುಸಿಯಲ್ಲಿ ಎಕ್ಸೆಪ್ಶನ್, ಫೈಲ್, ಸ್ಟ್ಯಾಕ್, ಕ್ಯೂ, ಸಾರ್ಟಿಂಗ್, ಸರ್ಚಿಂಗ್, ಡೇಟಾಬೇಸ್, ಎಸ್‌ಕ್ಯೂಎಲ್, ನೆಟ್‌ವರ್ಕ್ ಇವೆಲ್ಲ ಇವೆ. "ನಂಗೆ ಸಿ++ ಮಾತ್ರ ಗೊತ್ತು, ಪೈಥಾನ್ ಬರಲ್ಲ" ಅಂತ ಜಾರಿಕೊಳ್ಳಬೇಡಿ. ಬದಲಾದದ್ದು ಸೆಮಿಕೋಲನ್ನು, ಬ್ರಾಕೆಟ್ಟು. ಬಬಲ್ ಸಾರ್ಟ್ ಬದಲಾಗಿಲ್ಲ. ಒಂದೇ ಒಂದು ಕಡೆ ನಿಜವಾದ ವ್ಯತ್ಯಾಸವಿದೆ, ಅದಕ್ಕೆ ಆಮೇಲೆ ಬರ್ತೀನಿ.

ಇಲ್ಲಿರುವ ಪ್ರೋಗ್ರಾಂಗಳನ್ನು ಕನ್ನಡದಲ್ಲೇ ಬರೆದಿದ್ದೇನೆ. ಕೀವರ್ಡ್‌ಗಳನ್ನು ನೀವೇ ಹಾಕಿಕೊಳ್ಳಿ, ಅದು ಕಷ್ಟದ ಕೆಲಸವಲ್ಲ. ಮೊದಲನೆಯದು ಇದು:

ಮೊತ್ತ = 0
ಕ = 1
ಕ < 5 ಇರುವವರೆಗೆ:
    ಮೊತ್ತ = ಮೊತ್ತ + ಕ
    ಕ = ಕ + 2
ಮೊತ್ತ, ಕ ಮುದ್ರಿಸು

ಓದುವುದನ್ನು ಇಲ್ಲೇ ನಿಲ್ಲಿಸಿ ಉತ್ತರ ಬರೆದುಕೊಳ್ಳಿ. ಮನಸ್ಸಿನಲ್ಲಿ ಬೇಡ, ಕಾಗದದಲ್ಲಿ.

ಪಿಯು ಹುಡುಗರಿಗೆ ಇದನ್ನು ಕೊಟ್ಟರೆ ಸಾಮಾನ್ಯವಾಗಿ ಮೂರು ಥರದ ಉತ್ತರ ಬರುತ್ತೆ. ಕೆಲವರು 9 ಅಂತಾರೆ: "1, 3, 5 ಕೂಡಿದ್ರೆ 9 ಅಲ್ವಾ?" ಕೆಲವರು ಮೊತ್ತ 4 ಅಂತ ಸರಿಯಾಗಿ ಹೇಳಿ, ಕ ಮಾತ್ರ 3 ಅಂತಾರೆ. ಸರಿ ಉತ್ತರ 4 ಮತ್ತು 5. ಈ ತಪ್ಪುಗಳಲ್ಲಿ ಯಾವುದೂ ದಡ್ಡತನದ್ದಲ್ಲ. 9 ಅಂದವನು ಪ್ರೋಗ್ರಾಂ ಓಡಿಸಲಿಲ್ಲ, "ಇದು ಬೆಸಸಂಖ್ಯೆಗಳನ್ನು ಕೂಡೋ ಪ್ರೋಗ್ರಾಂ" ಅಂತ ಗುರುತು ಹಿಡಿದು ಹಿಂದೆಂದೋ ಬರೆದ ಉತ್ತರ ಒಪ್ಪಿಸಿದ. ಕ 3 ಅಂದವಳು ಓಡಿಸಿದಳು, ಆದರೆ ಲೂಪು ನಿಲ್ಲೋದು ಷರತ್ತು ಸುಳ್ಳಾದ ಮೇಲೆ, ಷರತ್ತು ಸುಳ್ಳಾಗಬೇಕಾದರೆ ಕ 5 ಆಗಿರಲೇಬೇಕು ಅನ್ನೋದನ್ನು ಗಮನಿಸಲಿಲ್ಲ.

ಓಡಿಸೋ ಕ್ರಮ ಹೀಗೆ. ಪ್ರತಿ ವೇರಿಯಬಲ್ಲಿಗೆ ಒಂದು ಕಂಬಸಾಲು ಎಳೆಯಿರಿ, ಷರತ್ತಿಗೆ ಇನ್ನೊಂದು. ಒಂದು ಸುತ್ತಿಗೆ ಒಂದು ಅಡ್ಡಸಾಲು.

ಆರಂಭ: ಮೊತ್ತ 0, ಕ 1
1 < 5? ಹೌದು. ಮೊತ್ತ 1, ಕ 3
3 < 5? ಹೌದು. ಮೊತ್ತ 4, ಕ 5
5 < 5? ಇಲ್ಲ. ಹೊರಗೆ.

ನಾಲ್ಕು ಸಾಲು, ಒಂದು ನಿಮಿಷದ ಕೆಲಸ. ಈಗ ಪ್ರಶ್ನೆಪತ್ರಿಕೆ ತಯಾರಿಸೋರ ಜಾಗದಲ್ಲಿ ಕೂತುಕೊಳ್ಳಿ. < ಇದ್ದ ಕಡೆ <= ಹಾಕಿ: ಉತ್ತರ 9, 7. ಅದನ್ನು ಹಾಗೇ ಬಿಟ್ಟು, ಲೂಪಿನ ಒಳಗಿನ ಎರಡು ಸಾಲನ್ನು ಅದಲು ಬದಲು ಮಾಡಿ: ಉತ್ತರ 8, 5. ಒಂದು ಚಿಹ್ನೆ ಬದಲಾದರೆ ಬಾಯಿಪಾಠ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೇಹಣ್ಣು. ಟೇಬಲ್ ಎಳೆಯೋ ಅಭ್ಯಾಸ ಇರೋನಿಗೆ ಮಾತ್ರ ಮೂರೂ ಒಂದೇ ಲೆಕ್ಕ.

2004ರಲ್ಲಿ ರೇಮಂಡ್ ಲಿಸ್ಟರ್ ಮತ್ತು ಜೊತೆಗಾರರು ಹಲವು ದೇಶಗಳ ಕಾಲೇಜು ವಿದ್ಯಾರ್ಥಿಗಳಿಗೆ ಇಂಥದ್ದೇ ಚಿಕ್ಕ ಚಿಕ್ಕ ಕೋಡ್ ಕೊಟ್ಟು ಪರೀಕ್ಷಿಸಿದರು. ಬರೆಯೋದು ಹಾಗಿರಲಿ, ಕೊಟ್ಟ ಕೋಡ್ ಏನು ಮಾಡುತ್ತೆ ಅಂತ ಹೇಳೋದೇ ಬಹಳ ಜನರಿಗೆ ಕಷ್ಟವಾಯ್ತು. ಇನ್ನೊಂದು ಸಂಗತಿಯೂ ಕಂಡುಬಂತು: ಪ್ರಶ್ನೆಪತ್ರಿಕೆಯ ಅಂಚಿನಲ್ಲಿ ವೇರಿಯಬಲ್ ಬೆಲೆಗಳನ್ನು ಹಂತಹಂತವಾಗಿ ಗೀಚಿಕೊಂಡವರ ಉತ್ತರ ಸರಿಯಿರುವ ಸಾಧ್ಯತೆ ಹೆಚ್ಚಿತ್ತು. ನಮ್ಮಲ್ಲಿ ಮೇಷ್ಟ್ರುಗಳು "ರಫ್ ವರ್ಕ್ ಕೊನೆ ಪುಟದಲ್ಲಿ ಮಾಡು, ಇಲ್ಲಿ ಗೀಚಬೇಡ" ಅಂತ ಗದರಿಸ್ತಾರಲ್ಲ, ಅದಕ್ಕೆ ಈ ವಿಷಯದಲ್ಲಿ ನನ್ನ ಒಪ್ಪಿಗೆ ಇಲ್ಲ.

ಈಗ ಸಮ ಚಿಹ್ನೆಗೆ ಬರೋಣ, ಹೊಸಬರ ಅರ್ಧ ಗೊಂದಲ ಇಲ್ಲಿದೆ. ಹತ್ತು ವರ್ಷ ಗಣಿತ ಓದಿದ ಮಗುವಿಗೆ "ಕ = ಕ + 2" ಅಂತ ತೋರಿಸಿದರೆ ಅದಕ್ಕೆ ತಲೆ ಕೆಡಲೇಬೇಕು. ಎರಡೂ ಕಡೆಯಿಂದ ಕ ಕಳೆದರೆ 0 = 2 ಆಗುತ್ತೆ! ರಾಬರ್ಟ್ ರೆಕಾರ್ಡ್ 1557ರಲ್ಲಿ ಈ ಎರಡು ಗೆರೆಯ ಚಿಹ್ನೆಯನ್ನು ಅಚ್ಚಿಗೆ ತಂದಾಗ ಅದರ ಅರ್ಥ "ಎರಡೂ ಸಮ" ಅನ್ನೋದು. ಪ್ರೋಗ್ರಾಮಿಂಗಿನಲ್ಲಿ ಫೋರ್ಟ್ರಾನ್ ಅದನ್ನು "ಹಾಕು" ಅನ್ನೋ ಅರ್ಥಕ್ಕೆ ಎಳೆದುಕೊಂಡಿತು, ಸಿ ಅದನ್ನೇ ಉಳಿಸಿಕೊಂಡಿತು, ಪೈಥಾನ್‌ಗೂ ಅದೇ ಬಂತು. ಆಲ್ಗಾಲ್, ಪ್ಯಾಸ್ಕಲ್ ಭಾಷೆಗಳಲ್ಲಿ := ಅಂತ ಬೇರೆ ಚಿಹ್ನೆ ಇಟ್ಟಿದ್ದರು, ಅದು ಹೆಚ್ಚು ಪ್ರಾಮಾಣಿಕವಾಗಿತ್ತು ಅಂತ ನನಗನಿಸುತ್ತೆ. ಈಗ ಹೇಳಿ ಏನು ಪ್ರಯೋಜನ.

ಇಲ್ಲಿ ನಮ್ಮ ಕನ್ನಡ ಒಂದು ಉಪಕಾರ ಮಾಡುತ್ತೆ. ಈ ಸಾಲನ್ನು ಇಂಗ್ಲಿಷಿನಲ್ಲಿ ಎಡದಿಂದ "ಕ ಈಸ್ ಈಕ್ವಲ್ ಟು ಕ ಪ್ಲಸ್ ಟೂ" ಅಂತ ಓದಿದರೆ ಯಂತ್ರ ಮಾಡೋ ಕ್ರಮ ಕಾಣೋದೇ ಇಲ್ಲ. ಕನ್ನಡದಲ್ಲಿ ಹೇಳಿ: "ಕ-ದಲ್ಲಿ ಇರೋದಕ್ಕೆ 2 ಕೂಡಿಸಿ, ಬಂದದ್ದನ್ನು ಕ-ಗೆ ಹಾಕು." ಕ್ರಿಯಾಪದ ಕೊನೆಗೆ ಬರೋ ನಮ್ಮ ವಾಕ್ಯ, ಬಲಗಡೆಯದನ್ನು ಮೊದಲು ಲೆಕ್ಕ ಹಾಕಿ ಆಮೇಲೆ ಎಡಗಡೆಗೆ ಹಾಕೋ ಯಂತ್ರದ ಕ್ರಮಕ್ಕೆ ಸರಿಯಾಗಿ ಕೂತುಕೊಳ್ಳುತ್ತೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿಯಲ್ಲಿ ಒಮ್ಮೆಲೇ ಇಂಗ್ಲಿಷ್ ಪಠ್ಯಪುಸ್ತಕ ಕೈಗೆ ಸಿಕ್ಕ ಮಕ್ಕಳ ಜೊತೆ ಕೂತಾಗ ಇದನ್ನು ಗಮನಿಸಿದ್ದೇನೆ. ಅವರು "ನಂಗೆ ಇಂಗ್ಲಿಷ್ ಬರಲ್ಲ, ಅದಕ್ಕೇ ಪ್ರೋಗ್ರಾಮಿಂಗ್ ಬರಲ್ಲ" ಅಂತ ತೀರ್ಮಾನ ಮಾಡ್ಕೊಂಡು ಕೂತಿರ್ತಾರೆ. ಆ ತೀರ್ಮಾನ ತಪ್ಪು. ಪೈಥಾನಿನ ಕೀವರ್ಡ್‌ಗಳು ಮೂವತ್ತೈದರ ಆಸುಪಾಸು ಇವೆ, ಪರೀಕ್ಷೆಗೆ ಬೇಕಾಗೋದು ಅದರಲ್ಲಿ ಅರ್ಧ. ಒಂದು ವಾರದಲ್ಲಿ ಕಲಿಯಬಹುದು. ಅವರಿಗೆ ಬಾರದೇ ಇರೋದು ಓಡಿಸೋದು, ಅದನ್ನು ಯಾವ ಭಾಷೆಯಲ್ಲೂ ಅವರಿಗೆ ಯಾರೂ ತೋರಿಸಿಲ್ಲ. ಸ್ಟ್ಯಾಕಿಗೆ ಕನ್ನಡ ಪದ ಹುಡುಕಬೇಕು ಅಂತ ನಾನು ಹೇಳ್ತಿಲ್ಲ, ಸ್ಟ್ಯಾಕ್ ಸ್ಟ್ಯಾಕೇ ಆಗಿರಲಿ. ಆದರೆ ಸಾಲನ್ನು ಜೋರಾಗಿ ಓದೋವಾಗ ಕನ್ನಡದಲ್ಲಿ ಓದಲಿ.

(ಅಂದ ಹಾಗೆ, 2008ರ ಪೈಥಾನ್ 3ರಿಂದ ಮುಂದೆ ವೇರಿಯಬಲ್ಲಿಗೆ "ಮೊತ್ತ" ಅಂತ ಕನ್ನಡ ಅಕ್ಷರದಲ್ಲೇ ಹೆಸರಿಡಬಹುದು, ಸುಮ್ಮನೆ ಓಡುತ್ತೆ. ಇನ್‌ಪುಟ್‌ನಲ್ಲಿ "೧೨" ಅಂತ ಕನ್ನಡ ಅಂಕಿ ಕೊಟ್ಟು ಪೂರ್ಣಾಂಕಕ್ಕೆ ಬದಲಾಯಿಸಿದರೂ 12 ಅಂತಲೇ ತಗೊಳ್ಳುತ್ತೆ. ಮನೇಲಿ ಮಾಡಿ ನೋಡಿ. ಬೋರ್ಡ್ ಪರೀಕ್ಷೆಯಲ್ಲಿ ಈ ಸಾಹಸ ಬೇಡ.)

ಬಲಗಡೆ ಮೊದಲು ಅನ್ನೋದು ತಲೆಗೆ ಹೋಗಿದೆಯಾ ಅಂತ ನೋಡೋಕೆ ಅದಲು ಬದಲಿನ ಲೆಕ್ಕ ಕೊಡಿ. ಅ = 7, ಬ = 3. ಆಮೇಲೆ ಅ = ಬ, ಅದರ ಕೆಳಗೆ ಬ = ಅ. ಕೊನೆಗೆ ಎರಡೂ 3. ಮೊದಲ ಸಾಲಿನಲ್ಲೇ 7 ಕಳೆದುಹೋಯ್ತು, ಅದಕ್ಕೇ ಮೂರನೇ ವೇರಿಯಬಲ್ ಬೇಕು. ಪೈಥಾನಿನಲ್ಲಿ ಮಾತ್ರ "ಅ, ಬ = ಬ, ಅ" ಅಂತ ಒಂದೇ ಸಾಲಿನಲ್ಲಿ ಮುಗಿಯುತ್ತೆ. ಯಾಕೆ? ಬಲಗಡೆಯ 3, 7 ಎರಡನ್ನೂ ಮೊದಲು ತೆಗೆದಿಟ್ಟುಕೊಂಡು ಆಮೇಲೆ ಎಡಗಡೆ ಕೊಡುತ್ತೆ. ನಿಯಮ ಅದೇ, ಮಾಯ ಏನಿಲ್ಲ.

ಈಗ ಆ "ನಿಜವಾದ ವ್ಯತ್ಯಾಸ". ಸಿ, ಸಿ++ ಕಲಿತ ನಾವು ವೇರಿಯಬಲ್ ಅಂದ್ರೆ ಡಬ್ಬಿ ಅಂತ ಹೇಳಿಕೊಡ್ತೀವಿ. ಡಬ್ಬಿಗೆ ಹೆಸರು ಬರೆದಿದೆ, ಒಳಗೆ ಬೆಲೆ ಇದೆ. ಸಿ-ಗೆ ಇದು ಸರಿಯಾದ ಚಿತ್ರ. ಅದನ್ನೇ ಪೈಥಾನ್ ಓದೋ ತಮ್ಮನಿಗೆ ಹೇಳಿದರೆ ಅವನು ಈ ಪ್ರಶ್ನೆಯಲ್ಲಿ ಎಡವುತ್ತಾನೆ:

ಪ = [10, 20, 30]
ಫ = ಪ
ಫ ಪಟ್ಟಿಯ ಕೊನೆಗೆ 40 ಸೇರಿಸು
ಪ ಮುದ್ರಿಸು

ಡಬ್ಬಿ ಲೆಕ್ಕದಲ್ಲಿ ಫ ಅನ್ನೋದು ಪ-ದ ಪ್ರತಿ, ಪ ಹಾಗೇ ಮೂರು ಸಂಖ್ಯೆಯಲ್ಲಿ ಉಳಿಯಬೇಕು. ಆದರೆ ಉತ್ತರ [10, 20, 30, 40]. ಪೈಥಾನಿನಲ್ಲಿ ವೇರಿಯಬಲ್ ಅಂದ್ರೆ ವಸ್ತುವಿಗೆ ಅಂಟಿಸಿದ ಹೆಸರಿನ ಚೀಟಿ. ಮನೇಲಿ "ಪುಟ್ಟ" ಅಂತ ಕರೆಯೋ ಹುಡುಗನಿಗೆ ಶಾಲೆ ರಿಜಿಸ್ಟರಿನಲ್ಲಿ ಬೇರೆ ಹೆಸರು ಇರುತ್ತಲ್ಲ, ಹಾಗೆ. ಭಾನುವಾರ ಪುಟ್ಟನ ತಲೆ ಬೋಳಿಸಿದರೆ ಸೋಮವಾರ ಶಾಲೆಗೆ ಬರೋದೂ ಬೋಳುತಲೆಯೇ. "ಫ = ಪ" ಅಂದಾಗ ಎರಡನೇ ಪಟ್ಟಿ ಹುಟ್ಟಲಿಲ್ಲ, ಇದ್ದ ಪಟ್ಟಿಗೆ ಇನ್ನೊಂದು ಚೀಟಿ ಅಂಟಿತು.

ಹಾಗಾದರೆ ಅ = 5, ಬ = ಅ, ಬ = ಬ + 1 ಅಂದಾಗ ಅ ಯಾಕೆ 6 ಆಗಲಿಲ್ಲ? ಮಕ್ಕಳು ಖಂಡಿತ ಕೇಳ್ತಾರೆ, ಕೇಳದಿದ್ದರೆ ನೀವೇ ಕೇಳಿ. "ಬ + 1" ಮಾಡಿದಾಗ 5 ಅನ್ನೋದೇ ತಿದ್ದಿಹೋಗಲ್ಲ, 6 ಅನ್ನೋ ಬೇರೆ ವಸ್ತು ಬರುತ್ತೆ, ಬ ಚೀಟಿ ಕಿತ್ತು ಅದಕ್ಕೆ ಅಂಟುತ್ತೆ. ಅ ಚೀಟಿ 5ರ ಮೇಲೇ ಇದೆ. ಸಂಖ್ಯೆ, ಸ್ಟ್ರಿಂಗ್, ಟ್ಯೂಪಲ್ ಇವನ್ನು ಇದ್ದಲ್ಲೇ ತಿದ್ದೋಕಾಗಲ್ಲ. ಲಿಸ್ಟು, ಡಿಕ್ಷನರಿಯನ್ನು ತಿದ್ದಬಹುದು. ಪುಸ್ತಕದಲ್ಲಿ ಮ್ಯೂಟಬಲ್, ಇಮ್ಮ್ಯೂಟಬಲ್ ಅಂತ ಎರಡು ಅಂಕದ ಪ್ರಶ್ನೆಯಾಗಿ ಬರೋದು ಇದೇ. ಹಾಗಾಗಿ ಸಿ ಟ್ರೇಸ್ ಮಾಡೋವಾಗ ಟೇಬಲ್ ಸಾಕು, ಪೈಥಾನಿನಲ್ಲಿ ಲಿಸ್ಟ್ ಬಂದ ತಕ್ಷಣ ಟೇಬಲ್ಲಿನ ಪಕ್ಕ ಪಟ್ಟಿಯ ಚಿತ್ರ ಬರೆದು ಹೆಸರುಗಳಿಂದ ಬಾಣ ಎಳೆಯಬೇಕು. ಕೋಡ್ ಓಡುವಾಗ ಒಳಗೆ ಏನು ನಡೀತಿದೆ ಅನ್ನೋ ಈ ಮನಸ್ಸಿನ ಚಿತ್ರಕ್ಕೆ ಬೆನೆಡಿಕ್ಟ್ ಡು ಬೂಲೇ 1980ರ ದಶಕದಲ್ಲೇ "ನೋಷನಲ್ ಮಷೀನ್" ಅಂತ ಹೆಸರಿಟ್ಟು ಬರೆದಿದ್ದಾರೆ. ಭಾಷೆ ಬದಲಾದರೆ ಆ ಚಿತ್ರವೂ ಸ್ವಲ್ಪ ಬದಲಾಗುತ್ತೆ. ನಾವು ಸೀನಿಯರ್‌ಗಳು ಮರೆಯೋದು ಇದನ್ನೇ.

ಸಾರ್ಟಿಂಗ್‌ಗೆ ಬರೋಣ. ಬಬಲ್, ಸೆಲೆಕ್ಷನ್, ಇನ್ಸರ್ಷನ್ ಮೂರರ ಕೋಡನ್ನೂ ಉರು ಹೊಡೆದು, ಪರೀಕ್ಷೇಲಿ ಒಂದರ ತಲೆ ಇನ್ನೊಂದರ ಬಾಲಕ್ಕೆ ಸೇರಿಸಿ ಬರೆಯೋದು ಸಾಮಾನ್ಯ. ಉರು ಹೊಡೆಯೋ ಬದಲು ಒಂದೇ ಪಟ್ಟಿಯನ್ನು ಮೂರು ರೀತಿಯಲ್ಲೂ ಓಡಿಸಿ ನೋಡಿ. ಪಟ್ಟಿ: 8, 3, 9, 1, 5. ಚಿಕ್ಕದರಿಂದ ದೊಡ್ಡದಕ್ಕೆ.

ಬಬಲ್‌ನಲ್ಲಿ ಅಕ್ಕಪಕ್ಕದವರನ್ನು ಹೋಲಿಸಿ, ಎಡದ್ದು ದೊಡ್ಡದಿದ್ದರೆ ಅದಲು ಬದಲು. ಮೊದಲ ಸುತ್ತಿನಲ್ಲಿ 8, 3 ಬದಲಾಗುತ್ತೆ; 8, 9 ಸುಮ್ಮನಿರುತ್ತೆ; 9 ಮುಂದೆ 1ರ ಜೊತೆ, ಆಮೇಲೆ 5ರ ಜೊತೆ ಬದಲಾಗಿ ಕೊನೆಗೆ ಹೋಗುತ್ತೆ. ಸಿಕ್ಕಿದ್ದು 3, 8, 1, 5, 9. ಎರಡನೇ ಸುತ್ತಿನ ನಂತರ 3, 1, 5, 8, 9.

ಸೆಲೆಕ್ಷನ್‌ನಲ್ಲಿ ಇಡೀ ಪಟ್ಟಿಯ ಅತಿ ಚಿಕ್ಕದನ್ನು ಹುಡುಕಿ ಮೊದಲ ಜಾಗದವನ ಜೊತೆ ಬದಲಿಸಬೇಕು. 1 ಮುಂದೆ ಬಂತು, 8 ಅದರ ಜಾಗಕ್ಕೆ ಹೋಯ್ತು: 1, 3, 9, 8, 5. ಎರಡನೇ ಸುತ್ತಿನಲ್ಲಿ ಉಳಿದದ್ದರಲ್ಲಿ ಚಿಕ್ಕದು 3, ಅದು ಆಗಲೇ ತನ್ನ ಜಾಗದಲ್ಲಿದೆ. ಪಟ್ಟಿ ಹಾಗೇ.

ಇನ್ಸರ್ಷನ್ ಇಸ್ಪೀಟಿನ ಎಲೆ ಜೋಡಿಸಿಕೊಂಡ ಹಾಗೆ. ಹೊಸ ಎಲೆ ಎತ್ತಿ, ಕೈಯಲ್ಲಿರೋದರ ನಡುವೆ ಸರಿಯಾದ ಜಾಗಕ್ಕೆ ತುರುಕೋದು. ಮೊದಲ ಸುತ್ತಿನಲ್ಲಿ 3 ಬಂದು 8ರ ಹಿಂದೆ ಕೂತಿತು: 3, 8, 9, 1, 5. ಎರಡನೆಯದರಲ್ಲಿ 9 ಎತ್ತಿದಿರಿ, ಅದು ಇದ್ದಲ್ಲೇ ಸರಿ. ಪಟ್ಟಿ 3, 8, 9, 1, 5.

ಎರಡು ಸುತ್ತಿನ ನಂತರದ ಮೂರು ಪಟ್ಟಿಗಳನ್ನು ಒಂದರ ಕೆಳಗೆ ಒಂದು ಬರೆಯಿರಿ:

ಬಬಲ್: 3, 1, 5, 8, 9
ಸೆಲೆಕ್ಷನ್: 1, 3, 9, 8, 5
ಇನ್ಸರ್ಷನ್: 3, 8, 9, 1, 5

ಇವು ಮೂರರ ಸಹಿ ಇದ್ದ ಹಾಗೆ. ಬಬಲ್‌ನಲ್ಲಿ ಕೊನೆಯ ಎರಡು ಶಾಶ್ವತವಾಗಿ ತಮ್ಮ ಜಾಗ ಸೇರಿವೆ. ಸೆಲೆಕ್ಷನ್‌ನಲ್ಲಿ ಮೊದಲ ಎರಡು. ಇನ್ಸರ್ಷನ್‌ನಲ್ಲಿ ಮೊದಲ ಮೂರು ತಮ್ಮತಮ್ಮಲ್ಲಿ ಕ್ರಮವಾಗಿವೆ, ಆದರೆ ಯಾವುದಕ್ಕೂ ಜಾಗ ಖಾಯಂ ಆಗಿಲ್ಲ. ಮುಂದಿನ ಸುತ್ತಿನಲ್ಲಿ 1 ಬಂದು ಮೂವರನ್ನೂ ತಳ್ಳುತ್ತೆ. ಇದು ಅರ್ಥವಾದ ಮೇಲೆ ಕೋಡಿನ ಒಳಲೂಪು ಎಲ್ಲಿಂದ ಎಲ್ಲಿಗೆ ಓಡಬೇಕು ಅನ್ನೋದನ್ನು ನೆನಪಿಡಬೇಕಾಗಿಲ್ಲ. ಬಬಲ್‌ನ ಒಳಲೂಪು ಪ್ರತಿ ಸಲ ಒಂದು ಹೆಜ್ಜೆ ಕಡಿಮೆ ಓಡೋದು ಯಾಕೆ? ಕೊನೆಯವರು ಖಾಯಂ ಆಗಿದ್ದಾರೆ, ಅವರನ್ನು ಮತ್ತೆ ಮುಟ್ಟೋದು ದಂಡ. 5 ಸಂಖ್ಯೆಗೆ 4 + 3 + 2 + 1, ಒಟ್ಟು 10 ಹೋಲಿಕೆ. ಸೂತ್ರವೂ ಅಲ್ಲಿಂದಲೇ ಬಂತು.

ಬೈನರಿ ಸರ್ಚ್ ನನಗೆ ಅಚ್ಚುಮೆಚ್ಚು, ಆದ್ದರಿಂದ ಸ್ವಲ್ಪ ಹೆಚ್ಚು ಹೊತ್ತು ನಿಲ್ಲೋಣ. ಕ್ರಮವಾಗಿರೋ ಪಟ್ಟಿ, ಸ್ಥಾನಗಳು 0ಯಿಂದ 8:

4, 9, 13, 18, 22, 27, 31, 40, 56

40 ಹುಡುಕೋದನ್ನು ಎಲ್ಲರೂ ಹೇಳಿಕೊಡ್ತಾರೆ, ಅದು ಸಿಗುತ್ತೆ. ನೀವು ಇಲ್ಲದೇ ಇರೋದನ್ನು ಹುಡುಕಿಸಿ. 30 ಹುಡುಕಿ.

ತಳ 0, ತುದಿ 8, ನಡು 4. ಅಲ್ಲಿ 22. 30 ದೊಡ್ಡದು, ತಳ 5
ತಳ 5, ತುದಿ 8, ನಡು 6. ಅಲ್ಲಿ 31. 30 ಚಿಕ್ಕದು, ತುದಿ 5
ತಳ 5, ತುದಿ 5, ನಡು 5. ಅಲ್ಲಿ 27. 30 ದೊಡ್ಡದು, ತಳ 6
ತಳ 6, ತುದಿ 5. ತಳ ತುದಿಯನ್ನು ದಾಟಿತು. ಇಲ್ಲ.

ಮೂರನೇ ಸಾಲು ನೋಡಿ. ತಳ, ತುದಿ ಎರಡೂ 5. ಒಂದೇ ಸಂಖ್ಯೆ ಉಳಿದಿದೆ, ಅದನ್ನೂ ನೋಡಲೇಬೇಕು. ಷರತ್ತು <= ಯಾಕೆ, ಬರೀ < ಯಾಕಲ್ಲ ಅಂತ ಕೇಳಿದರೆ ಈ ಸಾಲನ್ನು ತೋರಿಸಿ ಸಾಕು; < ಇದ್ದರೆ ಈ ಸಾಲು ಓಡೋದೇ ಇಲ್ಲ, ಹುಡುಕಿದ್ದು 27 ಆಗಿದ್ದರೆ ಇದ್ದರೂ ಇಲ್ಲ ಅಂತ ಬರುತ್ತೆ.

ಇನ್ನೊಂದು ಕಿಡಿಗೇಡಿತನ. ತಳ = ನಡು + 1 ಅನ್ನೋದರಲ್ಲಿ + 1 ಅಳಿಸಿ, ಮತ್ತೆ 30 ಹುಡುಕಿಸಿ. ತಳ 0, ತುದಿ 8, ನಡು 4, ತಳ 4. ನಡು 6, ತುದಿ 5. ಈಗ ತಳ 4, ತುದಿ 5, ನಡು 4. 22 ಚಿಕ್ಕದು, ತಳ 4. ಮತ್ತೆ ನಡು 4, ತಳ 4. ಮತ್ತೆ. ಪೆನ್ನು ಹಿಡಿದು ಅದೇ ಸಾಲನ್ನು ಮೂರನೇ ಸಲ ಬರೆಯೋವಾಗ ಆ ಹುಡುಗಿ ತಲೆ ಎತ್ತಿ "ಅಕ್ಕಾ, ಇದು ನಿಲ್ಲೋದೇ ಇಲ್ಲ" ಅಂತಾಳಲ್ಲ, ಇನ್ಫಿನಿಟ್ ಲೂಪ್ ಅಂದ್ರೇನು ಅನ್ನೋದನ್ನು ಮತ್ತೆ ಬೇರೆಯಾಗಿ ಹೇಳಬೇಕಿಲ್ಲ.

ಇಂಥಾ ಚಿಕ್ಕ ಪ್ರೋಗ್ರಾಮಿನಲ್ಲಿ ತಪ್ಪಾಗೋದು ಪಿಯು ಮಕ್ಕಳ ಹಣೆಬರಹ ಮಾತ್ರ ಅಂದುಕೊಳ್ಳಬೇಡಿ. ಜಾವಾದ ಸ್ವಂತ ಲೈಬ್ರರಿಯ ಬೈನರಿ ಸರ್ಚ್ ಬರೆದ ಜೋಶುವಾ ಬ್ಲಾಕ್ 2006ರಲ್ಲಿ ತಾವೇ ಬರೆದು ತಿಳಿಸಿದರು: ನಡು = (ತಳ + ತುದಿ) / 2 ಅನ್ನೋ ಸಾಲಿನಲ್ಲಿ ದೋಷವಿದೆ, ಸುಮಾರು ಒಂಬತ್ತು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಪಟ್ಟಿ ಬಹಳ ದೊಡ್ಡದಾದರೆ ತಳ, ತುದಿಗಳ ಮೊತ್ತ 32 ಬಿಟ್ ಪೂರ್ಣಾಂಕದ ಮಿತಿ 2,147,483,647 ದಾಟಿ ಋಣಸಂಖ್ಯೆ ಆಗಿಬಿಡುತ್ತೆ. ಪೈಥಾನಿನಲ್ಲಿ ಪೂರ್ಣಾಂಕಕ್ಕೆ ಅಂಥ ಮಿತಿ ಇಲ್ಲದ್ದರಿಂದ ತಮ್ಮನಿಗೆ ಚಿಂತೆಯಿಲ್ಲ. ಸಿ-ಯಲ್ಲಿ ಬರೆಯೋ ನಮಗೆ ಇದೆ: ತಳ + (ತುದಿ - ತಳ) / 2 ಅಂತ ಬರೆಯೋದು ಕ್ಷೇಮ.

ಸ್ಟ್ಯಾಕ್‌ನಲ್ಲಿ ಪುಶ್, ಪಾಪ್ ವ್ಯಾಖ್ಯೆ ಎಲ್ಲರಿಗೂ ಬಾಯಲ್ಲಿ ಇರುತ್ತೆ, ಅದರ ಬಗ್ಗೆ ಹೆಚ್ಚು ಹೇಳಲ್ಲ. ಅಂಕ ಹೋಗೋದು ಪೋಸ್ಟ್‌ಫಿಕ್ಸ್ ಲೆಕ್ಕದಲ್ಲಿ. 5 3 2 * + 4 - ಇದರ ಬೆಲೆ? ಸಂಖ್ಯೆ ಬಂದರೆ ಒಳಗೆ ಹಾಕಿ, ಚಿಹ್ನೆ ಬಂದರೆ ಮೇಲಿನ ಎರಡು ತೆಗೆದು ಲೆಕ್ಕ ಮಾಡಿ ಉತ್ತರ ಒಳಗೆ ಹಾಕಿ. 5, 3, 2 ಒಳಗೆ, * ಬಂತು, 5, 6, + ಬಂತು, 11, 4 ಒಳಗೆ, - ಬಂತು, 7. ಎಡವೋ ಜಾಗ ಒಂದೇ: ಮೊದಲು ಹೊರಬರೋದು ಬಲಗಡೆಯ ಸಂಖ್ಯೆ. ಅದಕ್ಕೇ 11 - 4, 4 - 11 ಅಲ್ಲ. ಕೂಡೋದು, ಗುಣಿಸೋದರಲ್ಲಿ ಈ ತಪ್ಪು ಬಚ್ಚಿಟ್ಟುಕೊಂಡಿರುತ್ತೆ, ಆದ್ದರಿಂದ ಅಭ್ಯಾಸಕ್ಕೆ ಕೊಡೋವಾಗ ಕಳೆಯೋದು, ಭಾಗಿಸೋದು ಇರೋ ಲೆಕ್ಕ ಕೊಡಿ. ಚಿಹ್ನೆಯನ್ನು ಮುಂದೆ ಬರೆದು ಆವರಣಗಳನ್ನೇ ತೆಗೆದುಹಾಕೋ ಉಪಾಯ ಪೋಲೆಂಡಿನ ತರ್ಕಶಾಸ್ತ್ರಜ್ಞ ಯಾನ್ ವುಕಾಶೆವಿಚ್ 1924ರಲ್ಲಿ ಕಂಡುಕೊಂಡದ್ದು. ಪೋಲಿಷ್ ನೊಟೇಶನ್ ಅನ್ನೋ ಹೆಸರು ಹಾಗೆ ಬಂತು. ನಮ್ಮದು ಅದನ್ನು ತಿರುಗಿಸಿದ್ದು.

ಎಸ್‌ಕ್ಯೂಎಲ್‌ನಲ್ಲಿ ಟ್ರೇಸ್ ಮಾಡೋಕೇನಿದೆ ಅಂತೀರಾ? ಇದೆ. ಬರೆಯೋ ಕ್ರಮ ಸೆಲೆಕ್ಟ್‌ನಿಂದ ಶುರು. ಅರ್ಥ ಮಾಡ್ಕೊಳ್ಳೋ ಕ್ರಮ ಬೇರೆ: ಮೊದಲು ಫ್ರಮ್, ಆಮೇಲೆ ವೇರ್, ಆಮೇಲೆ ಗ್ರೂಪ್ ಬೈ, ಹ್ಯಾವಿಂಗ್, ಕೊನೆಗೆ ಸೆಲೆಕ್ಟ್. ಇಲ್ಲೂ ಕನ್ನಡ ಕೈ ಹಿಡಿಯುತ್ತೆ. "ವಿದ್ಯಾರ್ಥಿ ಟೇಬಲ್ಲಿನಿಂದ, ಹಾಸನದವರನ್ನು ಮಾತ್ರ ತಗೊಂಡು, ತರಗತಿವಾರು ಗುಂಪು ಮಾಡಿ, ಹತ್ತಕ್ಕಿಂತ ಹೆಚ್ಚು ಜನ ಇರೋ ಗುಂಪಿನ ಸರಾಸರಿ ತೋರಿಸು" ಅಂತ ಹೇಳಿ ನೋಡಿ, ಕ್ರಮ ತಾನೇ ಸರಿಯಾಗಿ ಬಂತು. ವೇರ್ ಮತ್ತು ಹ್ಯಾವಿಂಗ್ ವ್ಯತ್ಯಾಸವೂ ಅದರೊಳಗೇ ಇದೆ: ಒಂದು ಗುಂಪು ಮಾಡೋ ಮೊದಲು ಸಾಲುಗಳನ್ನು ಜರಡಿ ಹಿಡಿಯುತ್ತೆ, ಇನ್ನೊಂದು ಆಮೇಲೆ ಗುಂಪುಗಳನ್ನು.

ನಲ್ ಬಗ್ಗೆ ಒಂದು ಎಚ್ಚರಿಕೆ. ಆರು ವಿದ್ಯಾರ್ಥಿಗಳು, ಅಂಕ 60, 80, ನಲ್, 40, 70, ನಲ್. ಕೌಂಟ್ ಒಳಗೆ ನಕ್ಷತ್ರ ಹಾಕಿದರೆ 6, ಅಂಕದ ಕಾಲಂ ಹೆಸರು ಹಾಕಿದರೆ 4. ಸರಾಸರಿ 250ನ್ನು 4ರಿಂದ ಭಾಗಿಸಿ 62.5 ಬರುತ್ತೆ, 6ರಿಂದ ಅಲ್ಲ. ನಲ್ ಅಂದ್ರೆ ಸೊನ್ನೆಯಲ್ಲ, "ಗೊತ್ತಿಲ್ಲ". ಪರೀಕ್ಷೆಗೆ ಗೈರಾದವನಿಗೂ ಸೊನ್ನೆ ತಗೊಂಡವನಿಗೂ ಇರೋ ವ್ಯತ್ಯಾಸ.

ಇನ್ನು ಅಭ್ಯಾಸದ ಮಾತು. ಲ್ಯಾಬಿನಲ್ಲೋ ಮನೆಯಲ್ಲೋ ಕಂಪ್ಯೂಟರ್ ಇದ್ದರೂ ರನ್ ಒತ್ತೋ ಮೊದಲು ಉತ್ತರ ಬರೆದಿರಬೇಕು, ಇದೊಂದು ಕಟ್ಟುನಿಟ್ಟು ಮಾಡಿಸಿ. ಬರೆದದ್ದೂ ಬಂದದ್ದೂ ಬೇರೆಯಾದರೆ ಅಲ್ಲೇ ಆ ದಿನದ ಪಾಠ ಇದೆ, ಟೇಬಲ್ಲಿನ ಯಾವ ಸಾಲಿನಿಂದ ದಾರಿ ತಪ್ಪಿತು ಅಂತ ಬೆರಳಿಟ್ಟು ಹುಡುಕಲಿ. ಫಿಲಿಪ್ ಗುವೋ ಮಾಡಿರೋ ಪೈಥಾನ್ ಟ್ಯೂಟರ್ ಅನ್ನೋ ತಾಣದಲ್ಲಿ ಒಂದೊಂದೇ ಸಾಲು ಓಡಿಸಿ, ಚೀಟಿ ಬಾಣಗಳ ಸಮೇತ ಚಿತ್ರ ನೋಡಬಹುದು. ಚೆನ್ನಾಗಿದೆ, ಆದರೆ ಕಾಗದದಲ್ಲಿ ಮಾಡಿದ ಮೇಲೆ ತಾಳೆ ನೋಡೋಕೆ ಮಾತ್ರ. ಮೊದಲೇ ತೋರಿಸಿದರೆ ಸಿನಿಮಾ ನೋಡಿದ ಹಾಗಾಗುತ್ತೆ.

ಪ್ರೋಗ್ರಾಂ ಬರೆಯೋಕೆ ಹೆದರೋರಿಗೆ ಇನ್ನೊಂದು ಆಟ. ಒಂದು ಪ್ರೋಗ್ರಾಮಿನ ಸಾಲುಗಳನ್ನು ಒಂದೊಂದು ಚೀಟಿಯಲ್ಲಿ ಬರೆದು, ಕಲೆಸಿ, ಜೋಡಿಸೋಕೆ ಕೊಡಿ. ಬೇಡದ ಒಂದು ಚೀಟಿಯನ್ನೂ ಸೇರಿಸಿ, ಉದಾಹರಣೆಗೆ + 1 ಇಲ್ಲದ ತಳದ ಸಾಲು. ಡೇಲ್ ಪಾರ್ಸನ್ಸ್ ಮತ್ತು ಪ್ಯಾಟ್ರಿಷಿಯಾ ಹೇಡನ್ 2006ರಲ್ಲಿ ಇದನ್ನು ಪರಿಚಯಿಸಿದರು, ಪಾರ್ಸನ್ಸ್ ಪ್ರಾಬ್ಲಮ್ ಅಂತಲೇ ಹೆಸರು. ಸಿಂಟ್ಯಾಕ್ಸಿನ ಭಯ ಪಕ್ಕಕ್ಕಿಟ್ಟು ಕ್ರಮದ ಬಗ್ಗೆ ಮಾತ್ರ ಯೋಚಿಸೋಕಾಗುತ್ತೆ. ಕ್ಯಾಲೆಂಡರಿನ ಹಳೇ ಹಾಳೆ, ಕತ್ತರಿ ಇದ್ದರೆ ಸಾಕು, ಕರೆಂಟೂ ಬೇಡ.

ಕೊನೆಗೆ ಒಂದು ಲೆಕ್ಕ, ಮನೆಗೆ ಕಳಿಸೋಕೂ ಆಗುತ್ತೆ, ನೀವೂ ಮಾಡಬಹುದು.

ಪ = [1, 2, 3]
ಫ = ಪ
ಪ = ಪ + [4]
ಫ ಪಟ್ಟಿಯ ಕೊನೆಗೆ 5 ಸೇರಿಸು
ಪ, ಫ ಮುದ್ರಿಸು

ಮೂರನೇ ಸಾಲಿನಲ್ಲಿ ಬಲಗಡೆ ಹೊಸ ಪಟ್ಟಿ ಹುಟ್ಟಿ, ಪ ಚೀಟಿ ಅಲ್ಲಿಗೆ ಹೋಗುತ್ತೆ. ಫ ಹಳೆಯದರ ಮೇಲೇ ಉಳಿಯುತ್ತೆ. ಉತ್ತರ [1, 2, 3, 4] ಮತ್ತು [1, 2, 3, 5]. ಈಗ ಆ ಸಾಲನ್ನು ಪ += [4] ಅಂತ ಬದಲಾಯಿಸಿ, ಮತ್ತೆ ಬಾಣ ಎಳೆಯಿರಿ. ಈ ಸಲ ಉತ್ತರ ಬೇರೆ ಬರುತ್ತೆ. ಯಾಕೆ ಅನ್ನೋದನ್ನು ಮೊದಲು ಕಾಗದದಲ್ಲಿ ಬರೆದುಕೊಂಡು, ಆಮೇಲೆ ಲ್ಯಾಪ್‌ಟಾಪ್ ತೆಗೆಯಿರಿ.